ಸಿನಿಮಾದಲ್ಲಿ ಸಾಯುವ ಪಿಚೂಗಿನ್

ವೋಲ್ಗಾ ದಂಡೆಯ ಜಾರೆಚ್ನಿ ಊರಿನ ನಾಟಕಶಾಲೆಯಲ್ಲಿ ಆರ್ಸೇನಿ ಗ್ಲೆಬೊವಿಚ್ ಪಿಚೂಗಿನ್ ಮಾಡದ ಪಾತ್ರವಿರಲಿಲ್ಲ. ಅಂಚೆ ಮಾಸ್ತರನಾದ, ಕುಡುಕ ಪಾದ್ರಿಯಾದ, ಮಗಳಿಗೆ ಗಂಡು ಹುಡುಕಿ ಸುಸ್ತಾದ ವ್ಯಾಪಾರಿಯಾದ. ಹೊಸ ವರ್ಷ ಬಂತೆಂದರೆ ಹತ್ತಿಯ ಗಡ್ಡ ಅಂಟಿಸಿಕೊಂಡು ಹಿಮತಾತನಾಗಿ ಮಕ್ಕಳ ಜೊತೆ ಅಲಂಕಾರದ ಮರದ ಸುತ್ತ ದಿನವಿಡೀ ಕುಣಿಯುತ್ತಿದ್ದ. ನಾಯಕನ ಪಾತ್ರ ಮಾತ್ರ ಒಮ್ಮೆಯೂ ಸಿಗಲಿಲ್ಲ. ಅವನೂ ಅದಕ್ಕೆ ತಲೆ ಕೆಡಿಸಿಕೊಂಡವನಲ್ಲ.

"ನಾಯಕನಿಗೆ ಪಾಪ, ನಾಟಕದ ಮಧ್ಯೆ ಒಂದು ಲೋಟ ಚಹಾ ಕುಡಿಯೋಕೂ ಪುರುಸೊತ್ತಿರಲ್ಲ," ಎನ್ನುತ್ತಿದ್ದ.

ರಂಗದ ಮೇಲೆ ಅವನು ಎಂದೂ ಸತ್ತವನಲ್ಲ. ಸಿನಿಮಾದವರ ಕಥೆಯೇ ಬೇರೆ. ಅವನ ಉದ್ದ ಮುಖ, ಜೋತುಬಿದ್ದ ಮೀಸೆ ಕಂಡರೆ ಸಾಕು, ಅವರಿಗೆ ಗುಂಡು ಹಾರಿಸುವ ಮನಸ್ಸಾಗುತ್ತಿತ್ತು. ಒಂದರಲ್ಲಿ ಶತ್ರುಗಳು ಕೊಂದರು, ಇನ್ನೊಂದರಲ್ಲಿ ಜ್ವರ ಬಂತು, ಮತ್ತೊಂದರಲ್ಲಿ ಹಡಗು ಮುಳುಗಿತು. ಒಂದು ಪತ್ತೇದಾರಿ ಚಿತ್ರದಲ್ಲಂತೂ ನಟರ ಹೆಸರುಗಳು ಬರುವ ಮೊದಲೇ ಅವನ ಕಥೆ ಮುಗಿದಿತ್ತು. ಊರಿಗೆಲ್ಲ ಇದೊಂದು ತಮಾಷೆ. ಮಾರುಕಟ್ಟೆಯಲ್ಲಿ ಉಪ್ಪಿನ ಸೌತೆಕಾಯಿ ಮಾರುವ ಗ್ಲಾಫಿರಾ ಅವನನ್ನು ದೂರದಿಂದಲೇ ವಿಚಾರಿಸಿಕೊಳ್ಳುತ್ತಿದ್ದಳು.

"ಏನ್ರೀ ಗ್ಲೆಬಿಚ್, ಈ ಸಲ ಯಾವ ಕಾಯಿಲೆ?"

"ಕಾಯಿಲೆ ಅಲ್ಲಮ್ಮಾ, ಕರಡಿ."

"ಅಯ್ಯೋ, ಕರಡಿ ಪಾಡೇನು! ನಿಮ್ಮಲ್ಲಿ ಮೂಳೆ ಬಿಟ್ಟು ತಿನ್ನೋಕೆ ಏನಿದೆ?"

ಇದಕ್ಕೆ ನಗದವಳು ಒಬ್ಬಳೇ: ಅವನ ಹೆಂಡತಿ ಕಪಿತೋಲಿನಾ. ನಾಟಕಶಾಲೆಯ ಉಡುಪಿನ ಕೋಣೆ ಅವಳ ಕೈಯಲ್ಲಿತ್ತು. ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು ರಂಗದ ಪಕ್ಕ ನಿಂತು ಗಂಡನ ಪ್ರತಿಯೊಂದು ನಾಟಕವನ್ನೂ ನೋಡಿದ್ದಳು. ಎಲ್ಲಿ ಉಸಿರು ತಪ್ಪಿತು, ಎಲ್ಲಿ ಮಾತು ಎಳೆದ ಎಂಬುದು ಅವಳಿಗೆ ಪಕ್ಕಾ ಗೊತ್ತಾಗುತ್ತಿತ್ತು. ಪತ್ರಿಕೆಯವರು ಹೊಗಳಿದರೂ ಪಿಚೂಗಿನ್ ಅವಳ ಮುಖ ನೋಡದೆ ಹಿಗ್ಗುತ್ತಿರಲಿಲ್ಲ. ಅಂಥವಳು ಅವನ ಒಂದು ಸಿನಿಮಾವನ್ನೂ ನೋಡಿರಲಿಲ್ಲ. ಅವಳು ಚಿಕ್ಕವಳಿದ್ದಾಗ, ಮೀನು ಹಿಡಿಯಲು ಹೋದ ಅಪ್ಪ ಅವಳ ಕಣ್ಣೆದುರೇ ವೋಲ್ಗಾದ ಮಂಜುಗಡ್ಡೆ ಒಡೆದು ಒಳಗೆ ಹೋಗಿದ್ದ.

"ನನ್ನವರು ಸಾಯೋದನ್ನ ಒಂದ್ಸಲ ನೋಡಿದ್ದು ಸಾಕು ಸೆನ್ಯಾ," ಎಂದು ಗಂಡನನ್ನು ಮುದ್ದುಹೆಸರಿನಿಂದ ಕರೆದು ಹೇಳಿದ್ದಳು. "ಸುಳ್ಳು ಅಂತ ತಲೆಗೆ ಗೊತ್ತು, ಹೊಟ್ಟೆಗೆ ಗೊತ್ತಾಗಲ್ಲ. ಒಂದೇ ಒಂದು ಚಿತ್ರದಲ್ಲಿ ಕೊನೆವರೆಗೂ ಬದುಕಿರು. ಮೊದಲ ಸಾಲಲ್ಲೇ ಕೂತು ನೋಡ್ತೀನಿ."

ಅವನಿಗೆ ಇದಕ್ಕಿಂತ ದೊಡ್ಡ ಆಸೆ ಇರಲಿಲ್ಲ. ಅರ್ಧ ಆಯುಷ್ಯದ ಕೆಲಸವನ್ನು ಹೆಂಡತಿಯೇ ನೋಡಿಲ್ಲವೆಂಬ ನೋವು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಕೂದಲೆಲ್ಲ ಬೆಳ್ಳಗಾದ ಮೇಲೆ ಆ ಅದೃಷ್ಟ ಕೂಡಿಬಂತು. ಪೀಟರ್ಸ್‌ಬರ್ಗಿನಿಂದ ವ್ಲಾದಾ ಮಾರ್ಕೊವ್ನಾ ಎಂಬ ಎಳೆ ವಯಸ್ಸಿನ ನಿರ್ದೇಶಕಿ ಫೋನ್ ಮಾಡಿದಳು. ಹಳ್ಳಿಯ ಅಜ್ಜ ಯೆಫೀಮನ ಪಾತ್ರ. ಮನೆಗಾಗಿ ಮಕ್ಕಳು ಕಚ್ಚಾಡುತ್ತಾರೆ, ಅಜ್ಜ ಬೈದು ಬುದ್ಧಿ ಹೇಳುತ್ತಾನೆ, ಕೊನೆಗೆ ಎಲ್ಲರೂ ಒಂದೇ ಮೇಜಿಗೆ ಕೂತು ಚಹಾ ಕುಡಿಯುತ್ತಾರೆ. ಪಿಚೂಗಿನ್ ಕೊನೆಯ ಪುಟವನ್ನು ಮೊದಲು ಓದಿದ. ಅಜ್ಜ ಬದುಕಿದ್ದ! ಕಪಿತೋಲಿನಾ ಅಂದೇ ಚಿತ್ರ ನೋಡಲು ಹೊಸ ರವಿಕೆ ಹೊಲಿಯಲು ಕೂತಳು.

ಆದರೆ ಚಿತ್ರೀಕರಣ ಮುಗಿಯುತ್ತ ಬಂದಾಗ ನಿರ್ದೇಶಕಿ ಅವನನ್ನು ಪಕ್ಕಕ್ಕೆ ಕರೆದಳು.

"ಆರ್ಸೇನಿ ಗ್ಲೆಬೊವಿಚ್, ಒಂದು ಯೋಚನೆ ಬಂದಿದೆ. ಅಜ್ಜ ಸತ್ತುಹೋಗ್ಲಿ."

"ಯಾಕಮ್ಮಾ? ಅವನು ನಿಮಗೇನು ಮಾಡಿದ?"

"ಕಥೆಗೆ ತೂಕ ಬರುತ್ತೆ. ನಿಮ್ಮಷ್ಟು ಚೆನ್ನಾಗಿ ಸಾಯೋರು ಇನ್ಯಾರಿದಾರೆ ಹೇಳಿ!"

"ಅದೇ ನನ್ನ ಕರ್ಮ. ಮನೇಲಿ ಮಾತು ಕೊಟ್ಟು ಬಂದಿದೀನಿ ತಾಯಿ, ಈ ಮುದುಕನನ್ನ ಬಿಟ್ಟುಬಿಡಿ."

ಅವನು ಗೋಗರೆದ, ಸಿಟ್ಟಾದ, ಊಟ ಬಿಟ್ಟು ಬೇಲಿ ಪಕ್ಕ ಮುಖ ಊದಿಸಿಕೊಂಡು ಕೂತ. ಅವಳು ಜಗ್ಗಲಿಲ್ಲ. ಅಷ್ಟು ಜನರ ಕೆಲಸ ನಿಲ್ಲಿಸಿ ಎದ್ದುಹೋಗುವುದು ಅವನ ಜಾಯಮಾನವಲ್ಲ. ಮರುದಿನ ಹಾಸಿಗೆಯ ಮೇಲೆ ಮಲಗಿದ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಿದ, ಪ್ರಾಣ ಬಿಟ್ಟ. ಹೆಂಡತಿಗೆ ಏನು ಹೇಳಲಿ ಎಂಬ ಸಂಕಟವೂ ಮುಖದಲ್ಲಿ ಸೇರಿಕೊಂಡು, ಅವನ ಸಾವುಗಳಲ್ಲೆಲ್ಲ ಅದೇ ಶ್ರೇಷ್ಠವಾಯಿತು.

ನಮ್ಮ ರಷ್ಯದ ಸಿನಿಮಾದವರಲ್ಲಿ ಒಂದು ನಂಬಿಕೆಯಿದೆ. ಸಾಯುವ ದೃಶ್ಯ ಮುಗಿದ ಕೂಡಲೇ ನಟ ಕ್ಯಾಮೆರಾಕ್ಕೆ ನಾಲಿಗೆ ಚಾಚಿ ತೋರಿಸಬೇಕು. ಇಲ್ಲದಿದ್ದರೆ ಸಾವು ಇದನ್ನು ನಿಜವೆಂದುಕೊಂಡು ಬೆನ್ನು ಹತ್ತುತ್ತದೆ. ಪಿಚೂಗಿನ್ ಇದನ್ನು ಒಮ್ಮೆಯೂ ತಪ್ಪಿಸಿದವನಲ್ಲ. ಅಂದು ಅವನು ಕಣ್ಣು ಮುಚ್ಚಿ ಕಾಯುತ್ತಿದ್ದ. ಇತ್ತ ವ್ಲಾದಾ ಮಾರ್ಕೊವ್ನಾ ಕಟ್ ಹೇಳುವುದನ್ನೇ ಮರೆತು ಗೊಳೋ ಅಂತ ಅಳುತ್ತಿದ್ದಳು. ಆ ಅಳು ಅವನ ಕಿವಿಗೂ ಬಿತ್ತು. ಶಾಟ್ ಮುಗಿಯಿತೆಂದುಕೊಂಡು ಅವನು ಒಂದು ಕಣ್ಣು ತೆರೆದು ಉದ್ದಕ್ಕೆ ನಾಲಿಗೆ ಚಾಚಿದ.

ಕ್ಯಾಮೆರಾ ಇನ್ನೂ ಓಡುತ್ತಿತ್ತು. ಸೊಸೆಯ ಪಾತ್ರದ ಹೆಂಗಸು ಕಿಟಾರನೆ ಕಿರುಚಿ, ಅದರ ಬೆನ್ನಿಗೇ ಕೈಯಲ್ಲಿದ್ದ ಒದ್ದೆ ಟವೆಲಿನಿಂದ ಅವನಿಗೆ ಬಾರಿಸಿದಳು. "ನಮ್ಮನ್ನ ಪರೀಕ್ಷೆ ಮಾಡ್ತಿದೀಯಾ, ಹಾಳು ಮುದುಕಾ!" ಅವನಾದರೋ ಹಳೆಯ ರಂಗದ ಹುಲಿ. ಮಾತು ಬಂದ ಮೇಲೆ ಸುಮ್ಮನಿರುತ್ತಾನೆಯೇ? ಎದ್ದು ಕೂತು, "ಮನೆ ಪಾಲು ಮಾಡ್ಕೊಂಡಾಯ್ತಾ? ಸರಿ, ಈಗ ಚಹಾ ಕೊಡಿ," ಎಂದ. ನಿರ್ದೇಶಕಿ ಅಳುತ್ತಳುತ್ತಲೇ ಬಿದ್ದು ಬಿದ್ದು ನಕ್ಕಳು. ಅದೇ ಶಾಟ್ ಚಿತ್ರದಲ್ಲಿ ಉಳಿಯಿತು. ಬೇಕೆಂದೇ ಮಾಡಿದೆಯಾ ಎಂದು ಕೇಳಿದರೆ, ಕೈತಪ್ಪಿ ಆದದ್ದು ಎಂದು ಅವನು ಇಂದಿಗೂ ಆಣೆ ಹಾಕುತ್ತಾನೆ.

ಜಾರೆಚ್ನಿಯ ಸಂಸ್ಕೃತಿ ಭವನದಲ್ಲಿ ಚಿತ್ರ ಹಾಕಿದ ದಿನ ಊರಿಗೆ ಊರೇ ಬಂದಿತ್ತು. ಕಪಿತೋಲಿನಾ ಹೊಸ ರವಿಕೆ ತೊಟ್ಟು ಮೊದಲ ಸಾಲಿನಲ್ಲಿ ಕೂತಳು. ಅಜ್ಜ ಹಾಸಿಗೆ ಹಿಡಿದದ್ದೇ ತಡ, ಧಡಕ್ಕನೆ ಎದ್ದಳು.

"ಮೋಸಗಾರ! ಮತ್ತೆ ಸಾಯ್ತಿದೀಯಾ!"

"ಕಾಪಾ, ಒಂದೇ ನಿಮಿಷ. ನನ್ನಾಣೆ, ಹೋಗ್ಬೇಡ," ಎಂದು ಪಕ್ಕದಲ್ಲಿದ್ದ ಪಿಚೂಗಿನ್ ಅವಳ ತೋಳು ಹಿಡಿದ.

ಅವಳು ಪರದೆಗೆ ಬೆನ್ನು ಹಾಕಿ, ಕಣ್ಣು ಬಿಗಿಯಾಗಿ ಮುಚ್ಚಿ ನಿಂತಳು. ಹಿಂದಿನ ಸಾಲುಗಳಲ್ಲಿ ಮೂಗು ಸೀಟುವ ಸದ್ದು. ಆಮೇಲೆ ಇದ್ದಕ್ಕಿದ್ದಂತೆ ಇಡೀ ಭವನ ನಗೆಯಿಂದ ಅದುರಿಹೋಯಿತು. ಕಪಿತೋಲಿನಾ ತಿರುಗಿ ನೋಡಿದಳು. ಪರದೆಯ ತುಂಬ ಅವಳ ಗಂಡ, ಬದುಕಿದ್ದ, ಚಹಾ ಕೇಳುತ್ತಿದ್ದ. ಕೂತ್ಕೊಳ್ಳಮ್ಮಾ, ಕಾಣ್ತಿಲ್ಲ ಎಂದು ಜನ ಕೂಗಿದರೂ ಅವಳು ಕೂರಲಿಲ್ಲ. ಕೊನೆಯವರೆಗೂ ನಿಂತೇ ನೋಡಿದಳು.

ಮನೆಯ ದಾರಿಯಲ್ಲಿ ಅವಳು ಬಿರುಸಾಗಿ ಹೆಜ್ಜೆ ಹಾಕಿದಳು. ಪಿಚೂಗಿನ್ ಹೊಸ ನಟನ ಹಾಗೆ ಅಳುಕುತ್ತ ಪಕ್ಕದಲ್ಲಿ ನಡೆದ.

"ಎದ್ದು ಕೂತ ಮೇಲೆ ಸ್ವಲ್ಪ ಜಾಸ್ತಿ ಆಡಿದೆ," ಎಂದಳು ಕೊನೆಗೆ. "ಅಷ್ಟೊಂದು ಹುಬ್ಬು ಕುಣಿಸೋದು ಬೇಕಿರಲಿಲ್ಲ."

"ಬೇಕಿರಲಿಲ್ಲ," ಎಂದು ಒಪ್ಪಿದ.

"ಹಳೇವನ್ನೂ ನೋಡ್ಬೇಕು ಸೆನ್ಯಾ. ಎಲ್ಲಾನೂ. ಆದ್ರೆ ನೀನು ಪಕ್ಕದಲ್ಲೇ ಕೂತಿರ್ಬೇಕು. ನಾನು ನಿನ್ನ ಕೈ ಹಿಡ್ಕೊಂಡಿರ್ತೀನಿ. ಅದು ಬೆಚ್ಚಗಿರೋವರೆಗೂ ನೀನು ಅಲ್ಲಿ ಎಷ್ಟು ಸಲ ಬೇಕಾದ್ರೂ ಸಾಯಿ."

ಪಿಚೂಗಿನ್ ಅಲ್ಲೇ ನಿಂತ. ಕೈಗವಸು ಕಳಚಿ, ತನ್ನ ಬಲಗೈಯನ್ನು ಅವಳತ್ತ ಚಾಚಿದ.