ಟೆನ್ನಿಸ್ ಬಾಲಿಗೆ ಲೆಕ್ಕವಿಲ್ಲ

ಮೈಕು ನನ್ನ ಕೈಯಲ್ಲಿತ್ತು, ತಪ್ಪೂ ನನ್ನದೇ. ಚಿತ್ರದುರ್ಗದ ಮೈದಾನದಲ್ಲಿ ನಾನು ಕ್ರಿಕೆಟ್ ಕಲಿತದ್ದು ಕಮ್ಮಿ, ಕೋಚ್ ಸಾಹೇಬರ ದನಿ ಕಲಿತದ್ದು ಹೆಚ್ಚು. ಗಂಟಲು ಒರಟು ಮಾಡಿ, ಮಾತಿಗೊಂದು "ಬೇಟಾ" ಸೇರಿಸಿದರೆ ನೆಟ್ಸಿನ ಹುಡುಗರು ಬೆಚ್ಚಿ ನೆಟ್ಟಗೆ ನಿಲ್ಲುತ್ತಿದ್ದರು. ನನ್ನ ಬೌಲಿಂಗಿಗೆ ಮಾತ್ರ ಯಾರೂ ಬೆಚ್ಚುತ್ತಿರಲಿಲ್ಲ. ಬ್ಯಾಟು ಊರಿಕೊಂಡು ಆಕಳಿಸುತ್ತಿದ್ದರು.

ಬೌಲರ್ ಎಂದರೆ ನನ್ನ ಗೆಳೆಯ. ಬಬ್ಬೂರು ಕಡೆಯ ಕುರಿ ಸಾಕುವ ಮನೆಯವನು, ಉದ್ದ ತೋಳು, ಮಾತು ಕಮ್ಮಿ. ಹಿರಿಯರ ತಂಡದವರು ಅವನನ್ನು ಈ ವರ್ಷವೇ ಕೊಡಿ ಎಂದು ಬಂದಾಗ ಸಾಹೇಬರು, "ಎಲುಬು ಇನ್ನೂ ಎಳೇವು ಅವೆ. ಮುಂದಿನ ವರ್ಷ ನೋಡಾಣ, ಹೋಗ್ರಿ," ಎಂದು ಕಳಿಸಿಬಿಟ್ಟರು. ಕಿರಿಯರ ವಿಭಾಗದ ತಂಡಕ್ಕೆ ಆಯ್ಕೆ ನಡೆಯುವವರೆಗೆ ದಿನಕ್ಕೆ ನಾಲ್ಕೇ ಓವರ್. ಮುಗಿದೊಡನೆ ಚೆಂಡನ್ನು ತಮ್ಮ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಆಯ್ಕೆಯ ಹಿಂದಿನ ಭಾನುವಾರ ಹೊಳಲ್ಕೆರೆಯಲ್ಲಿ ಟೆನ್ನಿಸ್ ಬಾಲ್ ಟೂರ್ನಮೆಂಟು. ಮೊದಲ ಬಹುಮಾನ ಟಗರು. ಕಾಮೆಂಟ್ರಿ ಎಂದಿನಂತೆ ನನ್ನದು. ಗೆಳೆಯನ ಹೆಸರನ್ನು ಅವನನ್ನು ಕೇಳದೆಯೇ ನಮ್ಮ ಹುಡುಗರ ತಂಡದಲ್ಲಿ ಸೇರಿಸಿದ್ದೆವು. ಅವನು ಆಟ ನೋಡಲಷ್ಟೇ ಬಂದಿದ್ದ.

"ಸಾಹೇಬ್ರು ಬ್ಯಾಡ ಅಂದಾರೆ," ಎಂದ.

"ಲೇ, ಅವರು ಎಣಿಸೋದು ಲೆದರ್ ಬಾಲಿಂದು. ಟೆನ್ನಿಸ್ ಬಾಲು ಹಗುರ ಕಣಪ್ಪ, ಅದಕ್ಕೆಂಥ ಲೆಕ್ಕ?"

ನಮ್ಮ ಕಡೆ ಎಲ್ಲರೂ ನಂಬಿದ್ದ ಮಾತೇ ಅದು. ಆದರೆ ಹಗುರ ಚೆಂಡಿಗೆ ವೇಗ ಬರಬೇಕಾದರೆ ತೋಳನ್ನೇ ಕಿತ್ತೆಸೆದಂತೆ ಬೀಸಬೇಕು. ಸಾಹೇಬರು ಅದನ್ನು ಎಷ್ಟೋ ಸಲ ಹೇಳಿದ್ದರು. ಆಗೆಲ್ಲ ನಾನು ಅವರ ಗಂಟಲನ್ನಷ್ಟೇ ಕೇಳುತ್ತಿದ್ದೆ.

ಅವನು ಅಲುಗಲಿಲ್ಲ. ನಾನು ಮೈಕಿನಲ್ಲಿ ಸಾಹೇಬರ ದನಿ ತೆಗೆದೆ: "ಬೇಟಾ, ಬಿಸಿಲೈತೆ, ನೆರಳಿಗೆ ಬಾ. ತೋಳು ಸವೆದ್ರೆ ನಿಮ್ಮವ್ವಂಗೆ ಏನ್ ಹೇಳ್ಲಿ? ಯಾರಾದ್ರೂ ಈ ಕೂಸಿಗೆ ಹಾಲು ಕುಡಿಸ್ರಪ್ಪ!"

ಮೈದಾನವೆಲ್ಲ ನಕ್ಕಿತು. ಯಾರೋ ನಿಜವಾಗಿಯೂ ಹಾಲಿನ ಪ್ಯಾಕೆಟ್ ತಂದು ಅವನ ತೊಡೆಯ ಮೇಲೆ ಎಸೆದರು. ಅವನು ಎದ್ದವನೇ ಕ್ಯಾಪ್ಟನ್ ಕೈಯಿಂದ ಚೆಂಡು ಕಿತ್ತುಕೊಂಡ.

ಒಂದರ ಹಿಂದೊಂದು ಪಂದ್ಯ, ಸಂಜೆಯವರೆಗೆ ಹಾಕಿದ. ಫೈನಲ್ಲಿನಲ್ಲಿ ಭುಜ ಹಿಡಿದು ಕುಕ್ಕರಿಸಿದಾಗಲೂ ನಾನು, "ನಾಟಕ ನೋಡ್ರಪ್ಪ, ನಾಟಕ!" ಎಂದು ಕೂಗಿದೆ. ಗೆದ್ದೆವು. ಗೂಡ್ಸ್ ಆಟೋದಲ್ಲಿ ಅವನು ಟಗರಿನ ಹಗ್ಗವನ್ನು ಎಡಗೈಯಲ್ಲಿ ಹಿಡಿದು ಕೂತಿದ್ದ. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

ಆಯ್ಕೆಯ ದಿನ ಅವನ ಮೊದಲ ಚೆಂಡು ಪಿಚ್ಚಿನ ನಡುವೆ ಬಿದ್ದು ಉರುಳಿತು. ಎರಡನೆಯದಕ್ಕೆ ತೋಳು ಮೇಲೇಳಲಿಲ್ಲ. ಆಯ್ಕೆ ಮಾಡಲು ಬಂದಿದ್ದವರು ಫೋನಿನಿಂದ ತಲೆ ಎತ್ತದೆ "ನೆಕ್ಸ್ಟ್" ಎಂದರು. ಬೌಲಿಂಗ್ ಮರೆತುಬಿಡು ಎಂದು ಡಾಕ್ಟರು ಅವನಿಗೆ ಹೇಳುವ ಹೊತ್ತಿಗೆ ಟಗರನ್ನು ನಾವು ತಿಂದು ಮುಗಿಸಿದ್ದೆವು.

ಅದಾದ ಮೇಲೆ ನೆಟ್ಸಿನಲ್ಲಿ ಬೌಲರ್ ಒಬ್ಬ ಕಡಿಮೆ. ಏನೋ ನೆರವಾಗೋಣ ಎಂದು ನಾನೇ ಚೆಂಡು ಕೈಗೆತ್ತಿಕೊಂಡು ಕೇಳಿದೆ: "ಸಾರ್, ನಾನು ಹಾಕ್ಲಾ? ಎಷ್ಟು ಓವರ್?"

ಸಾಹೇಬರು ನನ್ನ ಕಡೆ ತಿರುಗದೆ, ನೆಟ್ಟಿನ ಗಂಟು ಬಿಗಿಯುತ್ತಲೇ ಅಂದರು: "ಎಷ್ಟ್ ಬೇಕಾದ್ರೂ ಹಾಕು ಬೇಟಾ. ನಿನ್ನ ತೋಳು ಉಳಿಸ್ಕಂಡು ಯಾರಿಗೇನಾಗಬೇಕಾಗೈತೆ?"