ಹೌಸ್‌ಮೈಸ್ಟರರ ಓಟಗಾರರು

ಡಾರ್ಮ್‌ಸ್ಟಾಟ್, 21 ಆಗಸ್ಟ್ 2004, ಶನಿವಾರ. ಬರೆಯಲು ಕೂತದ್ದು ಬೆಳಿಗ್ಗೆ 8.10ಕ್ಕೆ.

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹಡಗಿನಲ್ಲಿ ಅಡುಗೆಯವರಾಗಿದ್ದಾಗ ಕಬ್ಬಿಣದ ಬಾಗಿಲೊಂದು ಕಿತ್ತುಕೊಂಡಿತ್ತಂತೆ. ಆ ಬೋಳು ಬೆರಳನ್ನು ನೋಟ್‌ಬುಕ್ಕಿನ ಸಾಲಿನ ಕೆಳಗೆ ಮೆಲ್ಲನೆ ಜರುಗಿಸುತ್ತ ಓದುತ್ತಿದ್ದರು: ಹೆಸರು, ಸ್ಪರ್ಧೆ, ಸಮಯ.

ನಮ್ಮ ಕಟ್ಟಡದ ಹೌಸ್‌ಮೈಸ್ಟರ್ ಅವರು. ಮೆಟ್ಟಿಲು ಗುಡಿಸುವುದು, ಬಲ್ಬು ಬದಲಿಸುವುದು, ಕಸದ ಡಬ್ಬಿಗಳ ಮೇಲೆ ಕಣ್ಣಿಡುವುದು ಅವರ ಕೆಲಸ. ಹುಟ್ಟಿದ್ದು ಹಿಂದೂ ಮಹಾಸಾಗರದ ಪುಟ್ಟ ದ್ವೀಪದೇಶವಾದ ಸೇಶೆಲ್ಸ್‌ನಲ್ಲಿ. ಹ್ಯಾಂಬರ್ಗಿನಲ್ಲಿ ಹಡಗಿನಿಂದ ಇಳಿದವರು ಜರ್ಮನ್ ಹೆಂಗಸೊಬ್ಬರನ್ನು ಮದುವೆಯಾಗಿ ಉಳಿದುಬಿಟ್ಟರು. ನಾನು ಬರುವ ಹೊತ್ತಿಗೆ ಆಕೆ ತೀರಿಕೊಂಡಿದ್ದರು.

ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ನಾನು ಬಂದದ್ದು 2001ರ ಅಕ್ಟೋಬರಿನಲ್ಲಿ. ದಿನಚರಿಯಲ್ಲಿ ಮೊದಲ ಎಂಟು ಭಾನುವಾರಗಳ ಎದುರು ‘ಯಾರೊಡನೆಯೂ ಮಾತಿಲ್ಲ’ ಎಂದಿದೆ. ಒಂಬತ್ತನೆಯದರ ಎದುರು ‘ಹೌಸ್‌ಮೈಸ್ಟರ್, ನಾಲ್ಕು ನಿಮಿಷ, ಬೈಗುಳ’. ಹಾಲಿನ ಪೊಟ್ಟಣವನ್ನು ಹಳೆಯ ಕಾಗದಕ್ಕೆಂದೇ ಇಟ್ಟ ಕಾಗದದ ಡಬ್ಬಿಗೆ ಎಸೆದಿದ್ದೆ. ಅದನ್ನು ನನ್ನ ಕೈಯಿಂದಲೇ ತೆಗೆಸಿದರು.

“ಹೆರ್ ಇಂಗೆನಿಯರ್, ಕಂಪ್ಯೂಟರಿಗೆ ಬುದ್ಧಿ ಹೇಳ್ತೀರಿ, ಡಬ್ಬಿಯ ಬಣ್ಣ ಕಾಣೋದಿಲ್ವಾ?” ಅರ್ಧ ಜರ್ಮನ್, ಅರ್ಧ ಇಂಗ್ಲಿಷ್; ‘ಹೆರ್ ಇಂಗೆನಿಯರ್’ ಎಂದರೆ ಇಂಜಿನಿಯರ್ ಸಾಹೇಬರೇ ಎಂದು. ಹೊರಟವರು ತಿರುಗಿ ಕೇಳಿದರು, “ಊಟ ಆಯ್ತಾ?”

ಈ ದೇಶದಲ್ಲಿ ನನ್ನನ್ನು ಹಾಗೆ ಕೇಳಿದವರಲ್ಲಿ ಅವರೇ ಮೊದಲಿಗರು. ಅಂದಿನಿಂದ ಭಾನುವಾರಗಳು ಅವರ ಅಡುಗೆಮನೆಯಲ್ಲಿ ಕಳೆದವು.

ಆ ನೋಟ್‌ಬುಕ್ಕಿನಲ್ಲಿ ಅವರ ದೇಶಕ್ಕಾಗಿ ಓಡಿದವರು, ಈಜಿದವರು ಇದ್ದರು. 1980ರ ಮಾಸ್ಕೋ ಒಲಿಂಪಿಕ್ಸಿನಿಂದ ಹಿಡಿದು, ಸುತ್ತಲ ದ್ವೀಪಗಳು ತಮ್ಮತಮ್ಮೊಳಗೆ ನಡೆಸುವ ಕ್ರೀಡಾಕೂಟಗಳವರೆಗೆ. 1988ಕ್ಕೆ ಒಂದಿಡೀ ಪುಟ ಖಾಲಿ. ಆ ವರ್ಷ ಅವರ ದೇಶ ಒಲಿಂಪಿಕ್ಸಿಗೆ ಹೋಗಲಿಲ್ಲ. ದ್ವೀಪಗಳ ಕೂಟದ ಸಮಯಗಳನ್ನು ಅವರ ತಂಗಿ ಕ್ರೀಡಾಂಗಣದಲ್ಲೇ ಕೂತು ಬರೆದು ಕಳಿಸುತ್ತಿದ್ದಳಂತೆ. ಇವರು ನಕಲು ಮಾಡಿಕೊಂಡು ಕಾಗದ ಎಸೆಯುತ್ತಿದ್ದರು. ತಂಗಿಯೂ ಈಗಿಲ್ಲ.

ಯಾರು ಎಷ್ಟನೆಯವರಾಗಿ ಬಂದರೆಂಬುದು ಮಾತ್ರ ಎಲ್ಲೂ ಇರಲಿಲ್ಲ. ಕೇಳಿದೆ.

“ಅದನ್ನ ಬರೆಯೋಕೆ ಬೇರೆಯವರಿದ್ದಾರೆ. ಕ್ಯಾಮೆರಾ ಗೆದ್ದವನ ಮುಖ ತೋರಿಸುವಾಗ ನಮ್ಮ ಹುಡುಗ ಇನ್ನೂ ಓಡ್ತಾ ಇರ್ತಾನೆ. ಅವನು ಮುಟ್ಟೋವರೆಗೆ ಕಾಯೋಕೆ ಅವನ ಊರಿನವನೇ ಬೇಕು.” ಒಲಿಂಪಿಕ್ಸಿನಲ್ಲಿ ಅವರ ದೇಶಕ್ಕೆ ಇವತ್ತಿನವರೆಗೆ ಒಂದು ಪದಕವೂ ಬಂದಿಲ್ಲ.

2003ರ ಫೆಬ್ರವರಿಯಲ್ಲಿ ಅವರ ನೆಲಮಾಳಿಗೆಗೆ ನೀರು ನುಗ್ಗಿ ನೋಟ್‌ಬುಕ್ಕಿಗೆ ಬೂಷ್ಟು ಹಿಡಿಯಿತು. ಕಂಪ್ಯೂಟರಿಗೆ ಹಾಕಿಕೊಡುತ್ತೇನೆಂದೆ. 212 ಸಾಲು, ಆರು ಸಂಜೆ. ಹತ್ತಿರದ ಎಷ್‌ಬಾರ್ನ್ ಊರಿನಲ್ಲಿದ್ದ ಹುಬ್ಬಳ್ಳಿಯ ಗೆಳೆಯ ಫೋನ್ ಮಾಡಿದ.

“ಏನ್ ಮಾಡಾಕತ್ತೀಲೇ?”

“ಸೇಶೆಲ್ಸ್ ಓಟಗಾರರ ಟೈಮ್ ಹಾಕಾಕತ್ತೀನಿ.”

“ಅಷ್ಟ ಒಬ್ಬನ ಆಗೀ ಏನ್ ಮಗಾ? ನಿನ್ನ ಮದ್ವಿ ಲಗೂನ ಮಾಡಬೇಕ್ ನೋಡ್.”

ಕೊನೆಯ ಸಂಜೆ ಅತಿ ವೇಗದವರು ಯಾರೆಂದು ನೋಡುವ ಆಸೆಯಾಯಿತು. ಸಮಯದ ಕಾಲಂ ಒಂದನ್ನೇ ಆರಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಸೇವ್ ಮಾಡಿದೆ. ಹೆಸರುಗಳು ಇದ್ದಲ್ಲೇ ಉಳಿದು ಸಮಯಗಳಷ್ಟೇ ಜಾಗ ಬದಲಿಸಿದ್ದು ಗಮನಕ್ಕೆ ಬರಲಿಲ್ಲ. ಪ್ರಿಂಟ್ ತೆಗೆದು ಅವರಿಗೆ ಕೊಟ್ಟೆ. “ಇನ್ನು ಆ ಪುಸ್ತಕ ಬೇಕಿಲ್ಲ, ಎಲ್ಲ ಇದರಲ್ಲಿದೆ” ಎಂದೂ ಹೇಳಿದೆ. ಬೂಷ್ಟು ಹಿಡಿದದ್ದನ್ನು ಮನೆಯಲ್ಲಿಡದ ಮನುಷ್ಯ. ನನ್ನ ಮಾತು ನಂಬಿ ಅದನ್ನು ತಾವೇ ಕಾಗದದ ಡಬ್ಬಿಗೆ ಹಾಕಿದರು.

ಭಾನುವಾರ ಪ್ರಿಂಟ್ ಹಿಡಿದು ಬಂದರು. “ನಮ್ಮವನು ಮ್ಯಾರಥಾನನ್ನ ಹತ್ತು ಸೆಕೆಂಡು ಚಿಲ್ಲರೆಯಲ್ಲಿ ಓಡಿ ಮುಗಿಸಿದ್ದಾನೆ, ಹೆರ್ ಇಂಗೆನಿಯರ್. ಈ ಹುಡುಗಿ ಐವತ್ತು ಮೀಟರ್ ಈಜೋಕೆ ಎರಡೂವರೆ ಗಂಟೆ ತಗೊಂಡಿದ್ದಾಳೆ. ಪಾಪ, ಮಧ್ಯೆ ಮೀನು ಹಿಡೀತಿದ್ದಳೇನೋ.”

ಇಬ್ಬರೂ ನಕ್ಕೆವು. ನನ್ನ ನಗು ಮೊದಲು ನಿಂತಿತು. ಆದದ್ದನ್ನು ಹೇಳಿದೆ. ಅವರು ಕೆಳಗಿಳಿದು ಹೋಗಿ ಡಬ್ಬಿಯ ಮುಚ್ಚಳ ತೆರೆದರು. ಕಾಗದದ ಲಾರಿ ಮಂಗಳವಾರವೇ ಬಂದುಹೋಗಿತ್ತು.

ಮುಂದಿನ ಎರಡು ಭಾನುವಾರ ಅವರ ಬಾಗಿಲು ತಟ್ಟುವ ಧೈರ್ಯ ನನಗಾಗಲಿಲ್ಲ. ದಿನಚರಿಯಲ್ಲಿ ಮತ್ತೆ ‘ಯಾರೊಡನೆಯೂ ಮಾತಿಲ್ಲ’. ಮೂರನೆಯ ಭಾನುವಾರ ಅವರೇ ಬಂದರು. “ಪೆನ್ಸಿಲ್ ತಗೊಳ್ಳಿ. ನನ್ನ ತಲೆಗೆ ಇನ್ನೂ ಬೂಷ್ಟು ಹಿಡಿದಿಲ್ಲ.”

ಇಪ್ಪತ್ತಮೂರು ಭಾನುವಾರ ಕೂತೆವು. ಒಲಿಂಪಿಕ್ಸಿನ ಸಮಯಗಳು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಿಕ್ಕವು. ಉಳಿದವನ್ನು ಅವರು ಕಣ್ಣು ಮುಚ್ಚಿ ನೆನೆದರು. “ಇವನು ಬರಿಗಾಲಲ್ಲಿ ಓಡಿದ ಅಂತ ತಂಗಿ ಬರೆದಿದ್ದಳು, ಹನ್ನೊಂದು ಪಾಯಿಂಟ್ ನಾಲ್ಕು ಸೆಕೆಂಡು.” ಕೆಲವೊಮ್ಮೆ ಬೆರಳು ಒಂದೇ ಹೆಸರಿನ ಕೆಳಗೆ ಬಹಳ ಹೊತ್ತು ನಿಂತುಬಿಡುತ್ತಿತ್ತು. ಸರಿಸುಮಾರು ಒಂದು ಸಮಯ ಹಾಕೋಣ, ಯಾರಿಗೆ ಗೊತ್ತಾಗುತ್ತದೆ ಎಂದೆ ಒಮ್ಮೆ.

“ಓಡಿದವನಿಗೆ ಗೊತ್ತಾಗುತ್ತೆ,” ಎಂದರು. ಅವರ ದನಿ ಗಡುಸಾದದ್ದನ್ನು ಕೇಳಿದ್ದು ಅದೊಂದೇ ಸಲ.

ಈ ವರ್ಷ ಮಾರ್ಚಿನಲ್ಲಿ ನ್ಯುಮೋನಿಯಾ ಆಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಮಣ್ಣಿಗೆ ನಾಲ್ವರು ಬಂದಿದ್ದೆವು: ಪಾದ್ರಿ, ಮನೆ ಬಾಡಿಗೆ ಕಚೇರಿಯವರೊಬ್ಬರು, ಮೂರನೆಯ ಮಹಡಿಯ ಅಜ್ಜಿ, ನಾನು.

ಇನ್ನು ಸ್ವಲ್ಪ ಹೊತ್ತಿಗೆ ಅಥೆನ್ಸ್ ಒಲಿಂಪಿಕ್ಸಿನಲ್ಲಿ ನೂರು ಮೀಟರಿನ ಮೊದಲ ಸುತ್ತುಗಳು. ಟಿವಿ ಹಚ್ಚಿದ್ದೇನೆ. ಅವರ ದೇಶದವರು ಯಾರಾದರೂ ಓಡಿದರೆ ಬರೆದುಕೊಳ್ಳುತ್ತೇನೆ.

193 ಸಾಲು ಸರಿಯಾಗಿವೆ. ಹತ್ತೊಂಬತ್ತು ಹೆಸರುಗಳ ಎದುರು ನನ್ನ ಕೈಯಿಂದಾದ ಖಾಲಿ ಜಾಗ ಹಾಗೇ ಇದೆ. ಎಲ್ಲವೂ ದ್ವೀಪಗಳ ಕ್ರೀಡಾಕೂಟದ ಆರಂಭಿಕ ಸುತ್ತುಗಳಲ್ಲಿ ಓಡಿದವರವು. ಇದನ್ನು ಓದುವವರಲ್ಲಿ ಯಾರಾದರೂ ಆ ಕಡೆ ಕೆಲಸಕ್ಕಿದ್ದರೆ, ಆಗ ಅಲ್ಲಿ ಕೂತು ನೋಡಿದವರ ಪರಿಚಯವಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಹೆಸರುಗಳ ಪಟ್ಟಿ ಕಳಿಸಿಕೊಡುತ್ತೇನೆ. ಒಬ್ಬರ ಸಮಯ ಗೊತ್ತಿದ್ದರೂ ಸಾಕು.