ಬಂದಾಕಿ ಹೊಕ್ಕ ಗೂಡು

ಮೇಷ್ಟ್ರ ಬಲಗಣ್ಣಿನ ಸುತ್ತ ಸದಾ ಒಂದು ದುಂಡನೆಯ ಗುರುತು ಇರುತ್ತಿತ್ತು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರವೊಂದನ್ನು ಕೊಟ್ಟೂರಿನಿಂದ ತಂದಿದ್ದರು. ಪಾಠವಿಲ್ಲದ ಹೊತ್ತಿನಲ್ಲೆಲ್ಲ ಅದನ್ನು ಸಿಕ್ಕಿಸಿಕೊಂಡು ನೆಲ ನೋಡುತ್ತ ಕೂತಿರುತ್ತಿದ್ದರು. ದಾವಣಗೆರೆಗೆ ಹತ್ತಿರದ ಅರಸೀಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಅವರು ವಿಜ್ಞಾನದ ಮೇಷ್ಟ್ರು, ನಾನು ಕನ್ನಡದವನು. ಮಕ್ಕಳು ಹಿಂದಿನಿಂದ ಇರುವೆ ಮೇಷ್ಟ್ರು ಅನ್ನುತ್ತಿದ್ದರು. ಎದುರಿಗೆ ಅಂದರೂ ಅವರಿಗೆ ಬೇಸರವಾಗುತ್ತಿರಲಿಲ್ಲ.

ಅವರಿಗೆ ಬೇಕಿದ್ದದ್ದು ಒಂದೇ ಜಾತಿಯ ಇರುವೆ. ಅದರ ರಾಣಿ ಸ್ವಂತ ಗೂಡು ಕಟ್ಟುವುದಿಲ್ಲ; ಬೇರೆಯವರ ಗೂಡು ಹೊಕ್ಕು, ಅಲ್ಲಿನ ಆಳುಗಳಿಂದ ತನ್ನ ಮಕ್ಕಳನ್ನು ಸಾಕಿಸಿಕೊಳ್ಳುತ್ತದೆ. ಮೇಷ್ಟ್ರು ಅದಕ್ಕಿಟ್ಟ ಹೆಸರು ‘ಬಂದಾಕಿ’. ಗೂಡಿನ ಸ್ವಂತ ರಾಣಿ ‘ಅವ್ವ’.

‘ಬಂದಾಕಿ ಜಗಳ ಮಾಡಂಗಿಲ್ರಿ. ಮೈಗೆ ಮೈ ತಿಕ್ಕಿ ಆ ಮನಿ ವಾಸ್ನಿ ಹಚ್ಕಂತಾಳ. ವಾಸ್ನಿ ಒಂದಾತಂದ್ರ ಆಕಿನೂ ಮನಿಯಾಕೀನ. ಆಮ್ಯಾಲ ಅವ್ವನ ಮಕ್ಕಳ ಕೈಲೇ ಅವ್ವನ್ನ ಕೊಲ್ಲಿಸ್ತಾಳ. ಪುಸ್ತಕದಾಗ ಓದೀನಿ. ಕಣ್ಣಾರೆ ಒಂದ್ಸಲ ನೋಡಬೇಕು’ ಅನ್ನುತ್ತಿದ್ದರು.

ಇರುವೆಗಳ ವಾಸನೆ ಕೆಡುತ್ತದೆಂದು ಅವರು ಸೋಪು ಮುಟ್ಟುತ್ತಿರಲಿಲ್ಲ. ಮದುವೆ ಮನೆಯಲ್ಲಿ ಅತ್ತರು ಹಚ್ಚಲು ಬಂದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದರು. ‘ಇವರ ಸಂಸಾರ ಇರಿವಿ ಜೋಡಿ ಐತಿ, ನಾನೇ ಹೊರಗಿನಾಕಿ’ ಎಂದು ಅವರ ಹೆಂಡತಿ ನಗುತ್ತಿದ್ದರು.

ಹನ್ನೆರಡು ವರ್ಷ ಹುಡುಕಿದ ಮೇಲೆ, ಹಲವಾಗಲಿನ ಹೊಳೆದಂಡೆಯ ಬದುವೊಂದರಲ್ಲಿ ಅಂಥ ಗೂಡು ಸಿಕ್ಕಿತು. ಎರಡು ಗಾಜುಗಳ ನಡುವೆ ಮಣ್ಣು ತುಂಬಿ ಅದನ್ನು ಇಳಿಸಿದರು. ಒಳಗೆ ಅವ್ವನೂ ಇದ್ದಳು, ಬಂದಾಕಿಯೂ ಇದ್ದಳು. ಆ ವಾರವೇ ಮೇಷ್ಟ್ರಿಗೆ ಹೊಟ್ಟೆನೋವು ತಡೆಯಲಾಗದೆ ದಾವಣಗೆರೆಯ ಆಸ್ಪತ್ರೆಗೆ ಹೊರಡಬೇಕಾಯಿತು. ಗಾಜನ್ನು ನನ್ನ ಮನೆಯಲ್ಲಿಟ್ಟು, ‘ಹತ್ತಿಗೆ ನೀರು ಹಾಕ್ರಿ, ಒಂದು ಹನಿ ಸಕ್ರಿನೀರು ಇಡ್ರಿ. ಏನರ ಆದ್ರ ಸುಮ್ನ ನೋಡ್ರಿ. ಕೈ ಹಾಕಬ್ಯಾಡ್ರಿ’ ಎಂದು ಹೇಳಿ ಹೋದರು.

ಮೂರನೆಯ ದಿನ ಬೆಳಿಗ್ಗೆ ನೋಡಿದರೆ, ಆಳುಗಳೆಲ್ಲ ಒಂದು ದೊಡ್ಡ ಇರುವೆಯನ್ನು ಮುತ್ತಿಕೊಂಡಿದ್ದವು. ಕಾಲು ಹಿಡಿದು ಎಳೆಯುತ್ತಿದ್ದವು, ಕಚ್ಚುತ್ತಿದ್ದವು. ಅದು ತಿರುಗಿ ಕಚ್ಚಲಿಲ್ಲ. ಯಾವುದು ಯಾವುದೆಂದು ಮೇಷ್ಟ್ರು ತೋರಿಸಿದ್ದಾಗ ನಾನು ಅರ್ಧಂಬರ್ಧ ಕೇಳಿದ್ದೆ. ಕೂತು ತಿನ್ನುವ ಬಂದಾಕಿಯೇ ದೊಡ್ಡವಳಿರಬೇಕೆಂದು ನನ್ನ ಲೆಕ್ಕ. ಕಡೆಗೂ ಇವಕ್ಕೆ ಬುದ್ಧಿ ಬಂತೆಂದು ಖುಷಿಯಾಯಿತು. ಮೇಷ್ಟ್ರಿಗೆ ಫೋನು ಮಾಡಬಹುದಿತ್ತು, ಮಾಡಲಿಲ್ಲ. ಗಾಜು ಸರಿಸಿ, ಚಿಮಟದಿಂದ ಅದನ್ನು ಎತ್ತಿ ಹೊಸಕಿಹಾಕಿದೆ.

ಮರುದಿನ ಮೇಷ್ಟ್ರು ಬಂದರು. ಆಸ್ಪತ್ರೆಯ ರಿಪೋರ್ಟುಗಳ ಚೀಲವನ್ನು ಕಟ್ಟೆಯ ಮೇಲೆ ಬಿಟ್ಟು ಸೀದಾ ಗಾಜಿನ ಮುಂದೆ ಕೂತರು. ಬಹಳ ಹೊತ್ತು ನೋಡಿ, ‘ಅವ್ವ ಎಲ್ಲಿ?’ ಅಂದರು.

ನಾನು ಉಳಿದಿದ್ದ ಸಣ್ಣ ರಾಣಿಯನ್ನು ತೋರಿಸಿದೆ.

‘ಅದು ಬಂದಾಕಿರಿ.’

ನಡೆದದ್ದನ್ನೆಲ್ಲ ಹೇಳಿದೆ. ‘ಎಲ್ಲಾ ಕೂಡಿ ಕಚ್ಚಾಕ ಹತ್ತಿದ್ವು ಸರ್. ತಪ್ಪು ಆಕೀದ ಅನ್ಕಂಡೆ.’

‘ಎಲ್ರೂ ಹಂಗ ಅನ್ಕಂತಾರ’ ಅಂದರು ಮೇಷ್ಟ್ರು. ಬೈಯಲಿಲ್ಲ. ಅವತ್ತು ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ನಾನು ಕೈ ಹಾಕದಿದ್ದರೆ ಅವ್ವ ಇನ್ನೂ ಎರಡು ಮೂರು ದಿನ ಉಸಿರಾಡುತ್ತಿದ್ದಳಂತೆ, ಅವರು ನೋಡಬಹುದಿತ್ತಂತೆ. ಚೀಲದಲ್ಲಿದ್ದದ್ದು ಕ್ಯಾನ್ಸರಿನ ರಿಪೋರ್ಟು. ಇನ್ನೊಂದು ಗೂಡು ಹುಡುಕುವಷ್ಟು ಕಾಲ ಅವರಿಗೆ ಉಳಿದಿರಲಿಲ್ಲ.

ಆಮೇಲೆ ಆ ಗಾಜು ಅವರ ಮಂಚದ ಪಕ್ಕದಲ್ಲೇ ಇತ್ತು. ಬಂದಾಕಿಗೆ ರಾಣಿಗಳು, ಗಂಡುಗಳಷ್ಟೇ ಹುಟ್ಟುತ್ತವೆ, ದುಡಿಯುವ ಆಳುಮಕ್ಕಳು ಹುಟ್ಟುವುದಿಲ್ಲ. ಅವ್ವನ ಮಕ್ಕಳೇ ಬಂದಾಕಿಯ ಮಕ್ಕಳಿಗೆ ತಿನ್ನಿಸುತ್ತ ಒಂದೊಂದಾಗಿ ಸತ್ತವು. ಮೇಷ್ಟ್ರ ಮುಖ ಎಷ್ಟು ಬತ್ತಿತ್ತೆಂದರೆ ಮಸೂರ ಕಣ್ಣಿನಲ್ಲಿ ನಿಲ್ಲುತ್ತಿರಲಿಲ್ಲ. ನಾನೇ ಹಿಡಿದು ಕೂರುತ್ತಿದ್ದೆ. ಹಾಗೆ ಹಿಡಿದರೂ ಕಾಣದಂತಾದಾಗ ನನ್ನನ್ನೇ ನೋಡಿ ಹೇಳಲು ಹೇಳಿದರು.

‘ಇನ್ನಾ ತಿನ್ನಿಸಾಕ ಹತ್ಯಾವೇನ್ರಿ?’

‘ಹೌದು ಸರ್.’

‘ಪಾಪ’ ಅನ್ನುತ್ತಿದ್ದರು.

ಅವರು ಹೋದ ದಿನ ಗೂಡಿನಲ್ಲಿ ಎರಡೇ ಆಳು ಉಳಿದಿದ್ದವು. ಎರಡೂ ಬಂದಾಕಿಯ ಮೈ ನೆಕ್ಕುತ್ತಿದ್ದವು.

ಮಸೂರವನ್ನು ಅವರ ಹೆಂಡತಿ ನನಗೇ ಕೊಟ್ಟರು, ಬೇಡವೆನ್ನಲಾಗಲಿಲ್ಲ. ರಜೆಯಲ್ಲಿ ಹೊಳೆದಂಡೆಯ ಬದುಗಳಲ್ಲಿ ಹುಡುಕುತ್ತೇನೆ. ಸಿಕ್ಕಿಲ್ಲ. ಸಿಕ್ಕರೂ ನೋಡಬೇಕಾದವರು ಇಲ್ಲ. ಆ ಇರುವೆಗಳಿಗಾದರೆ ವಾಸನೆ ಮೋಸ ಮಾಡಿತು. ನನಗೆ ಮೇಷ್ಟ್ರು ಕೈ ಹಾಕಬೇಡಿ ಎಂದು ಹೇಳಿಯೇ ಹೋಗಿದ್ದರು.